ಬೀಜಕದಲ್ಲಿ ‘ಜಾಲಿ’: ಒಂದು ಪದ, ಹಲವು ಸರಕು

ಬೀಜಕವೊಂದರಲ್ಲಿ ‘ಜಾಲಿ, 40 ನಗ’ ಎಂದು ಮಾತ್ರ ಬರೆದಿದೆ ಎಂದಿಟ್ಟುಕೊಳ್ಳೋಣ. ಮಾರಿದವರಿಗೂ ಕೊಂಡವರಿಗೂ ಅದು ಯಾವ ಸರಕೆಂಬುದು ಚೆನ್ನಾಗಿ ಗೊತ್ತು. ಸರಕು ಎದುರಿಗೇ ಇದೆ, ಬೆಲೆ ಒಪ್ಪಿಗೆಯಾಗಿದೆ, ವ್ಯವಹಾರ ಮುಗಿದಿದೆ. ಆದರೆ ಅದೇ ಕಾಗದವನ್ನು ಎರಡು ಮೂರು ವರ್ಷಗಳ ತರುವಾಯ ತೆರಿಗೆ ಅಧಿಕಾರಿಯೊಬ್ಬರು ಕೈಗೆತ್ತಿಕೊಂಡಾಗ ಸರಕು ಎದುರಿಗಿರುವುದಿಲ್ಲ; ಪದ ಮಾತ್ರ ಉಳಿದಿರುತ್ತದೆ. ಅದು ಗೋಡೆಗೆ ಕೂರಿಸುವ ಸಿಮೆಂಟಿನ ಜಾಲಿಯೋ, ಕೋಳಿ ಗೂಡಿಗೆ ಕಟ್ಟುವ ತಂತಿಯ ಜಾಲಿಯೋ, ಕಿಟಕಿಗೆ ಹೊಡೆಯುವ ಸೊಳ್ಳೆ ಜಾಲಿಯೋ, ಯಂತ್ರದಲ್ಲಿ ಕೊರೆದ ಮರದ ಜಾಲಿಯೋ, ಕುಪ್ಪಸಕ್ಕೆ ಬಳಸುವ ಜಾಲಿ ಬಟ್ಟೆಯೋ ಎಂದು ಆ ಕಾಗದ ಹೇಳಲಾರದು. ಹೆಸರು ತಪ್ಪಲ್ಲ, ಆದರೂ ಸರಕು ತಿಳಿಯದು.

ವರ್ತಕ ಬಾಂಧವರು ದಿನನಿತ್ಯ ಬಳಸುವ ಪದಗಳಲ್ಲಿ ಇಂತಹವು ಅನೇಕವಿವೆ. ಅವುಗಳಲ್ಲಿ ‘ಜಾಲಿ’ ಒಂದನ್ನೇ ಈ ಲೇಖನಕ್ಕೆ ಆರಿಸಿಕೊಂಡಿರುವುದಕ್ಕೆ ಕಾರಣ, ಅದು ಕಟ್ಟಡದ ಪದವೂ ಹೌದು, ಬಟ್ಟೆಯ ಪದವೂ ಹೌದು. ಭಾಷೆಯಿಂದ ಭಾಷೆಗೆ ಹೋಗುವಾಗ ಅರ್ಥವನ್ನು ಬದಲಿಸಿಕೊಳ್ಳುತ್ತಾ ಸಾಗಿದ ಪದವೂ ಹೌದು. ಭಾಷಾಶಾಸ್ತ್ರ ನನ್ನ ವೃತ್ತಿಯಲ್ಲ. ಆದರೆ ಸರಕಿನ ವರ್ಗೀಕರಣದ ವಿವಾದಗಳಲ್ಲಿ ಲೆಕ್ಕಪರಿಶೋಧಕನು ನಿಘಂಟನ್ನು ತೆರೆಯದೆ ವಿಧಿಯಿಲ್ಲ.

ಪದದ ಮೂಲ

ಸಂಸ್ಕೃತದ ‘ಜಾಲ’ ಎಂದರೆ ಬಲೆ. ಅಮರಕೋಶವು ಈ ಒಂದು ಪದಕ್ಕೆ ಬಲೆ, ಗವಾಕ್ಷ, ಸಮೂಹ ಮೊದಲಾದ ಅರ್ಥಗಳನ್ನು ಹೇಳುತ್ತದೆ. ಅಂದರೆ ಮೀನುಗಾರನ ನೂಲಿನ ಬಲೆ ಮತ್ತು ಕಟ್ಟಡದ ಕಿಟಕಿ ಇವೆರಡೂ ಒಂದೇ ಪದದ ನೆರಳಿನಲ್ಲಿ ಇದ್ದದ್ದು ಇಂದು ನಿನ್ನೆಯ ಮಾತಲ್ಲ. ಕನ್ನಡಕ್ಕೆ ಈ ಪದ ಹಲವು ದಾರಿಗಳಿಂದ ಬಂದಿತು. ಶಿಲ್ಪಿಗಳ ಬಾಯಲ್ಲಿ ಅದು ‘ಜಾಲಂಧ್ರ’ ಅಥವಾ ಆಡುಮಾತಿನ ‘ಜಾಳಂದ್ರ’. ಜಾಲ ಮತ್ತು ರಂಧ್ರ ಕೂಡಿ ಮೊಟಕಾದ ರೂಪ. ಹಣವನ್ನಿಡುವ ಚೀಲಕ್ಕೆ ಹಳಬರು ‘ಜಾಳಿಗೆ’ ಎನ್ನುತ್ತಿದ್ದರು; ಬಲೆಯೆಂಬ ಅರ್ಥವೂ ಆ ಪದಕ್ಕುಂಟು. ನೇಯ್ಗೆ ಬಿಗಿಯಾಗಿಲ್ಲದ ಬಟ್ಟೆಯನ್ನು ಇಂದಿಗೂ ‘ಜಾಳುಜಾಳಾಗಿದೆ’ ಎಂದು ಬದಿಗಿಡುತ್ತೇವೆ. ಗಣಕಯಂತ್ರ ಬಂದ ಮೇಲೆ ‘ಅಂತರ್ಜಾಲ’, ‘ಜಾಲತಾಣ’ ಎಂಬ ಪದಗಳೂ ಸೇರಿಕೊಂಡವು.

ಹಾರ್ಡ್‌ವೇರ್ ಅಂಗಡಿಗಳಲ್ಲಿ ನಾವು ಕೇಳುವ ‘ಜಾಲಿ’ ಮಾತ್ರ ಹಿಂದಿ, ಮರಾಠಿಗಳ ಕಡೆಯಿಂದ ಬಂದ ವ್ಯಾಪಾರದ ಪದ. ಮರಾಠಿಯಲ್ಲಿ ಅದು ‘ಜಾಳಿ’; ಉತ್ತರ ಕರ್ನಾಟಕದ ಅಂಗಡಿಗಳಲ್ಲಿ ಈ ಉಚ್ಚಾರವೂ ಕಿವಿಗೆ ಬೀಳುತ್ತದೆ. ಅಚ್ಚಗನ್ನಡದಲ್ಲಿ ‘ಜಾಲಿ’ ಎಂದರೆ ಮುಳ್ಳಿನ ಮರ. ಬಯಲುಸೀಮೆಯ ರೈತನಿಗೆ ‘ಜಾಲಿ ಬೇಕೇ’ ಎಂದು ಕೇಳಿದರೆ ಸೌದೆಯ ಮಾತೆಂದೇ ತಿಳಿದಾನು, ‘ಬಳ್ಳಾರಿ ಜಾಲಿ’ಯಾದರಂತೂ ಬೇಡವೆಂದೇ ಹೇಳಿಯಾನು. ಗಡಿ ದಾಟಿ ಆಂಧ್ರಕ್ಕೆ ಹೋದರೆ ತೆಲುಗಿನಲ್ಲಿ ‘ಜಾಲಿ’ ಎಂದರೆ ಮರುಕ, ಕನಿಕರ. ಮಲಯಾಳದ ‘ಜಾಲಕಂ’ ಎಂದರೆ ಕಿಟಕಿ. ತಮಿಳಿನ ‘ಸಾಳರಂ’ ಎಂಬ ಕಿಟಕಿಯ ಪದವನ್ನೂ ಇದೇ ಮೂಲಕ್ಕೆ ಸೇರಿಸುತ್ತಾರೆ. ಇಂಗ್ಲಿಷಿನಿಂದ ಬಂದ ‘ಜಾಲಿ ರೈಡ್’ನ ಜಾಲಿಯನ್ನು ಇಲ್ಲಿ ಲೆಕ್ಕಕ್ಕೆ ತೆಗೆದುಕೊಂಡಿಲ್ಲ.

ನಮ್ಮ ವೃತ್ತಿಗೆ ತೀರ ಹತ್ತಿರವಾದ ಅರ್ಥವೊಂದು ಹಿಂದಿಯಲ್ಲಿದೆ. ಅಲ್ಲಿ ‘ಜಾಲೀ’ ಎಂದರೆ ಖೊಟ್ಟಿ, ನಕಲಿ. ಇದು ಸಂಸ್ಕೃತದ ಬಲೆಯಿಂದ ಬಂದುದಲ್ಲ. ‘ಮಾಡುವುದು, ಸೃಷ್ಟಿಸುವುದು’ ಎಂಬರ್ಥದ ಅರಬ್ಬಿ ಪದದಿಂದ ಬಂದದ್ದು. ಬಂಗಾಳಿಯಲ್ಲಿಯೂ ‘ಜಾಲ್’ ಎಂಬ ಒಂದೇ ಉಚ್ಚಾರಕ್ಕೆ ಬಲೆ ಮತ್ತು ಖೊಟ್ಟಿ ಎಂಬೆರಡು ಅರ್ಥಗಳಿವೆ. ಕಾನ್ಪುರದ ವರ್ತಕನಿಗೆ ‘ಜಾಲಿ ಬಿಲ್ಲು ಕಳುಹಿಸಿದ್ದೇವೆ’ ಎಂದು ನಮ್ಮವರು ದೂರವಾಣಿಯಲ್ಲಿ ಹೇಳಿದರೆ ಆತ ಗಾಬರಿಯಾಗುವುದು ಸಹಜ. ಸರಕಿಲ್ಲದೆ ಬರೆದ ಬೀಜಕಗಳ ಮೇಲೆ ಹೂಡುವಳಿ ತೆರಿಗೆಯನ್ನು ಪಡೆಯುವ ದಂಧೆಯನ್ನು ಅಧಿಕಾರಿಗಳು ಬೆನ್ನಟ್ಟುತ್ತಿರುವ ಈ ದಿನಗಳಲ್ಲಿ ಇದು ಬರಿಯ ವಿನೋದವೂ ಅಲ್ಲ.

ಕಲ್ಲಿನಲ್ಲಿ, ನೂಲಿನಲ್ಲಿ

ಕಲ್ಲಿನ ಜಾಲಿಯನ್ನು ಅನೇಕರು ಮೊಗಲರ ಕೊಡುಗೆಯೆಂದು ಭಾವಿಸುತ್ತಾರೆ. ಅದು ಸರಿಯಲ್ಲ. ಐಹೊಳೆಯ ಲಾಡಖಾನ್ ಗುಡಿಯಲ್ಲಿ, ಎಂಟನೆಯ ಶತಮಾನದ ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯದಲ್ಲಿ ಚಪ್ಪಡಿಯನ್ನೇ ಕೊರೆದು ಮಾಡಿದ ಜಾಲಂಧ್ರಗಳನ್ನು ಇಂದಿಗೂ ನೋಡಬಹುದು. ಬೇಲೂರಿನ ಚೆನ್ನಕೇಶವ ದೇವಾಲಯ ಪ್ರತಿಷ್ಠೆಯಾದದ್ದು 1117ರಲ್ಲಿ. ಅದರ ಮಂಟಪ ಮೊದಲು ತೆರೆದೇ ಇದ್ದಿತು. ಕಂಬಗಳ ನಡುವಿನ ಜಾಲಂಧ್ರಗಳು ಎರಡನೆಯ ಬಲ್ಲಾಳನ ಕಾಲದಲ್ಲಿ ಸೇರ್ಪಡೆಯಾದವು. ಹೊಯ್ಸಳ ಶಿಲ್ಪಿಗಳು ಬಳಸಿದ ಬಳಪದ ಕಲ್ಲು ಗಣಿಯಿಂದ ತೆಗೆದ ಹೊಸದರಲ್ಲಿ ಮೃದುವಾಗಿದ್ದು ಕಾಲಕ್ರಮೇಣ ಗಟ್ಟಿಯಾಗುವಂಥದ್ದು; ಸೂಕ್ಷ್ಮ ರಂಧ್ರಗಳಿಗೆ ಅದಕ್ಕಿಂತ ಒಳ್ಳೆಯ ಕಚ್ಚಾವಸ್ತು ಸಿಗುವುದು ಕಷ್ಟ. ವಿಜಯಪುರದ ಇಬ್ರಾಹಿಂ ರೋಜಾದಲ್ಲಿ, ಹದಿನೇಳನೆಯ ಶತಮಾನದ ಆರಂಭದಲ್ಲಿ, ಕಿಟಕಿಯ ಕಲ್ಲನ್ನು ಅರಬ್ಬಿ ಅಕ್ಷರಗಳಾಗಿ ಕೊರೆದಿದ್ದಾರೆ. ಅಕ್ಷರಗಳ ನಡುವಿನ ಸಂದಿಯಿಂದಲೇ ಬೆಳಕು ಒಳಗೆ ಬರುತ್ತದೆ. ಅಹಮದಾಬಾದಿನ ಸಿದಿ ಸೈಯದ್ ಮಸೀದಿಯ (1573) ಮರದ ಆಕೃತಿಯ ಜಾಲಿಯಂತೂ ಅಲ್ಲಿನ ಭಾರತೀಯ ವ್ಯವಸ್ಥಾಪನ ಸಂಸ್ಥೆಯ ಲಾಂಛನಕ್ಕೆ ಸ್ಫೂರ್ತಿಯಾಗಿದೆ.

ಇಪ್ಪತ್ತನೆಯ ಶತಮಾನದಲ್ಲಿ ಲಾರಿ ಬೇಕರ್ ಅವರು ಕೇರಳದಲ್ಲಿ ಸಾಧಾರಣ ಇಟ್ಟಿಗೆಗಳನ್ನೇ ಅಂತರ ಬಿಟ್ಟು ಜೋಡಿಸಿ ಜಾಲಿ ಗೋಡೆಗಳನ್ನು ಕಟ್ಟಿದರು. ಕಿಟಕಿಯ ಚೌಕಟ್ಟು, ಗಾಜು, ಸರಳು ಇವುಗಳ ಖರ್ಚು ಉಳಿಯಿತು, ಇಟ್ಟಿಗೆಯೂ ಕಡಿಮೆ ಬಿದ್ದಿತು, ಗಾಳಿಯೂ ಬೆಳಕೂ ಧಾರಾಳವಾಗಿ ಬಂದವು. ನಮ್ಮ ಊರುಗಳ ಹಳೆಯ ಮನೆಗಳ ಮೆಟ್ಟಿಲ ಗೋಡೆಯಲ್ಲಿ ಕಾಣುವ ಸಿಮೆಂಟಿನ ಚೌಕ ಜಾಲಿಗಳೂ ಅದೇ ಲೆಕ್ಕಾಚಾರದವು. ಒಂದು ಕಾಲಕ್ಕೆ ಅವು ಬಡವರ ಸರಕೆಂದು ಮೂಲೆಗೆ ಸೇರಿದ್ದವು. ಈಗ ವಾಸ್ತುಶಿಲ್ಪಿಗಳು ಅವನ್ನೇ ಹುಡುಕಿಕೊಂಡು ಬರುತ್ತಿರುವುದು ಸಿಮೆಂಟ್ ಉತ್ಪನ್ನಗಳ ಸಣ್ಣ ಘಟಕಗಳಿಗೆ ಶುಭ ವಾರ್ತೆ.

ಬಟ್ಟೆಯ ಕಡೆಗೆ ತಿರುಗಿದರೆ ಲಕ್ನೋದ ಚಿಕನ್ ಕಸೂತಿ ಮೊದಲು ನೆನಪಾಗುತ್ತದೆ. 2008ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಪಡೆದ ಈ ಕಲೆಯಲ್ಲಿ ‘ಜಾಲಿ’ ಎಂಬುದು ಒಂದು ವಿಶೇಷ ಕೆಲಸ. ಇದರಲ್ಲಿ ಬಟ್ಟೆಯ ನೂಲನ್ನು ಕತ್ತರಿಸುವುದೂ ಇಲ್ಲ, ಎಳೆದು ತೆಗೆಯುವುದೂ ಇಲ್ಲ; ಸೂಜಿಯ ಮೊನೆಯಿಂದ ಹಾಸು ಹೊಕ್ಕುಗಳನ್ನು ಪಕ್ಕಕ್ಕೆ ಸರಿಸಿ, ಸಣ್ಣ ಹೊಲಿಗೆಯಿಂದ ಬಿಗಿದು ರಂಧ್ರವನ್ನು ನಿಲ್ಲಿಸುತ್ತಾರೆ. ಅದರ ಒಂದು ಬಗೆಗೆ ‘ಮದ್ರಾಸಿ ಜಾಲಿ’ ಎಂದು ಹೆಸರು. ಅವಧದ ಕಸೂತಿಗೆ ದಕ್ಷಿಣದ ಊರಿನ ಹೆಸರು ಅಂಟಿಕೊಂಡಿರುವುದು ವ್ಯಾಪಾರಕ್ಕೆ ಗಡಿಯಿಲ್ಲವೆಂಬುದಕ್ಕೆ ಸಾಕ್ಷಿ.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಕಲ್ಲಿನ ಜಾಲಿಯಲ್ಲಿ ರಂಧ್ರವಾಗುವುದು ಕಲ್ಲನ್ನು ತೆಗೆದುಹಾಕುವುದರಿಂದ. ಇಟ್ಟಿಗೆಯ ಜಾಲಿಯಲ್ಲಿ ಮತ್ತು ಮೀನಿನ ಬಲೆಯಲ್ಲಿ ರಂಧ್ರವಾಗುವುದು ಜಾಗ ಬಿಡುವುದರಿಂದ. ಚಿಕನ್ ಜಾಲಿಯಲ್ಲಿ ತೆಗೆಯುವುದೂ ಇಲ್ಲ, ಬಿಡುವುದೂ ಇಲ್ಲ, ಇದ್ದದ್ದನ್ನು ಸರಿಸುವುದಷ್ಟೆ. ಕಬ್ಬಿಣದ ತಗಡಿಗೆ ಸೀಳು ಹಾಕಿ ಎರಡೂ ಕಡೆಗೆ ಎಳೆದು ಮಾಡುವ ‘ಎಕ್ಸ್‌ಪ್ಯಾಂಡೆಡ್ ಮೆಟಲ್’ ಕೂಡ ಈ ಕಡೆಯ ಜಾತಿಗೆ ಹತ್ತಿರದ್ದು. ಜಾಲಿ ಎಂಬುದು ಹೀಗೆ ಒಂದು ಆಕಾರದ ಹೆಸರೇ ಹೊರತು ಒಂದು ವಸ್ತುವಿನ ಹೆಸರಲ್ಲ. ನೋಡುವವನ ಕಣ್ಣಿಗೆ ರಂಧ್ರಗಳು ಒಂದೇ ತೆರನಾಗಿ ಕಂಡರೂ ಅವು ಏತರಲ್ಲಿ, ಯಾವ ರೀತಿಯಲ್ಲಿ ಆದವು ಎಂಬುದು ಬೇರೆ ಬೇರೆ. ತೆರಿಗೆಯ ಪಟ್ಟಿ ಕೇಳುವುದು ಈ ಎರಡು ಪ್ರಶ್ನೆಗಳನ್ನೇ.

ಪಶ್ಚಿಮದ ಪದಗಳು

ಪರದೇಶಗಳ ಭಾಷೆಗಳಲ್ಲಿಯೂ ಇದೇ ಕಥೆ. ಬಳ್ಳಿ ಹಬ್ಬಿಸುವ ಚೌಕಟ್ಟಿಗೆ ಇಂಗ್ಲಿಷಿನಲ್ಲಿ ‘ಟ್ರೆಲ್ಲಿಸ್’ ಎನ್ನುತ್ತಾರೆ. ಈ ಪದ ಹುಟ್ಟಿದ್ದು ತೋಟದಲ್ಲಿ ಅಲ್ಲ, ಮಗ್ಗದಲ್ಲಿ. ಲ್ಯಾಟಿನ್ನಿನ ‘ಟ್ರಿಲಿಕ್ಸ್’ ಎಂದರೆ ಮೂರು ಎಳೆಯಲ್ಲಿ ನೇಯ್ದ ಬಟ್ಟೆ. ಅದು ಹಳೆಯ ಫ್ರೆಂಚಿನಲ್ಲಿ ಒರಟು ಬಟ್ಟೆಯ ಹೆಸರಾಗಿ, ಬಳಿಕ ಆ ಬಟ್ಟೆಯ ನೇಯ್ಗೆಯನ್ನು ಹೋಲುವ ಕಬ್ಬಿಣದ ಅಥವಾ ಮರದ ಹೆಣಿಗೆಯ ಹೆಸರಾಯಿತು. ಇಂದಿಗೂ ಫ್ರೆಂಚಿನ ‘ತ್ರೇಯಿ’ ಎಂಬ ಪದಕ್ಕೆ ತಂತಿಯ ಜಾಲಿ ಎಂಬ ಅರ್ಥವೂ ಸೈನಿಕರ ಸಮವಸ್ತ್ರ ಎಂಬ ಅರ್ಥವೂ ಇವೆ. ಅದೇ ಲ್ಯಾಟಿನ್ ಪದ ಜರ್ಮನಿಯ ದಾರಿ ಹಿಡಿದು ‘ಡ್ರಿಲ್ಲಿಖ್’ ಎಂದಾಗಿ, ಇಂಗ್ಲಿಷಿಗೆ ‘ಡ್ರಿಲ್’ ಆಗಿ ಬಂದಿತು. ನಮ್ಮ ಜವಳಿ ಅಂಗಡಿಗಳಲ್ಲಿ ಖಾಕಿ ಡ್ರಿಲ್ ಎಂದು ಸಮವಸ್ತ್ರಕ್ಕೆ ಅಳೆದುಕೊಡುವ ಬಟ್ಟೆ ಅದೇ. ಜವಳಿ ವರ್ತಕರ ಡ್ರಿಲ್ಲೂ ನರ್ಸರಿಯವರ ಟ್ರೆಲ್ಲಿಸ್ಸೂ ಒಂದೇ ತಾಯಿಯ ಮಕ್ಕಳು. ರಂಧ್ರ ಕೊರೆಯುವ ಡ್ರಿಲ್ ಯಂತ್ರಕ್ಕೂ ಈ ಬಟ್ಟೆಗೂ ಸಂಬಂಧವಿಲ್ಲ.

ಲೆಕ್ಕದ ಮೇಜಿನ ಮೇಲೂ ಒಂದು ಜಾಲಿ ಇದೆ. ಲ್ಯಾಟಿನ್ನಿನಲ್ಲಿ ‘ಕಾನ್ಸೆಲ್ಲಿ’ ಎಂದರೆ ಅಡ್ಡಪಟ್ಟಿಗಳ ಜಾಲಿ, ಕಟಕಟೆ. ಬರೆದ ದಸ್ತಾವೇಜಿನ ಮೇಲೆ ಜಾಲಿಯಂತೆ ಅಡ್ಡಡ್ಡ ಗೆರೆ ಎಳೆದು ಅದನ್ನು ರದ್ದುಪಡಿಸುವುದಕ್ಕೆ ಈ ಪದದಿಂದಲೇ ‘ಕ್ಯಾನ್ಸಲ್’ ಎಂಬ ಕ್ರಿಯಾಪದ ಬಂದಿತು. ಬ್ಯಾಂಕಿಗೆ ಕೊಡುವ ‘ಕ್ಯಾನ್ಸಲ್ಡ್ ಚೆಕ್ಕಿ’ನ ಮೇಲೆ ನಾವು ಎಳೆಯುವ ಗೆರೆಗಳು ಆ ಹಳೆಯ ಜಾಲಿಯ ಅವಶೇಷ. ನ್ಯಾಯಸ್ಥಾನದ ಕಟಕಟೆಯ ಬಳಿ ನಿಲ್ಲುತ್ತಿದ್ದ ಸೇವಕನೇ ಕಾಲಾಂತರದಲ್ಲಿ ‘ಚಾನ್ಸಲರ್’ ಆದನೆಂಬುದೂ ಸತ್ಯ. ವಿಶ್ವವಿದ್ಯಾನಿಲಯಗಳಿಗೆ ಇದು ಹಿಡಿಸದಿರಬಹುದು.

ಇದಕ್ಕೆ ವಿರುದ್ಧವಾಗಿ, ಒಂದೇ ಎಂದು ತೋರುವ ಪದಗಳು ಬೇರೆಯಾಗಿರುವುದೂ ಉಂಟು. ‘ನೆಟ್’ ಎಂದರೆ ಬಲೆ. ‘ನೆಟ್ ವೇಟ್’ ಎಂಬಲ್ಲಿಯ ‘ನೆಟ್’ ಬಲೆಯಲ್ಲ. ಅದು ‘ಹೊಳೆಯುವ, ಸ್ವಚ್ಛವಾದ’ ಎಂಬರ್ಥದ ಲ್ಯಾಟಿನ್ ಪದದಿಂದ ಬಂದದ್ದು. ನಾವು ಬಳಸುವ ‘ನಿವ್ವಳ’ ಎಂಬ ಪದ ಮರಾಠಿಯಲ್ಲಿ ‘ಶುದ್ಧ, ಬೆರಕೆಯಿಲ್ಲದ’ ಎಂಬರ್ಥದಲ್ಲಿ ಬಳಕೆಯಲ್ಲಿದೆ. ಲಾಭವನ್ನು ತೊಳೆದು ನೋಡಬೇಕೆಂಬ ವಿಚಾರ ಎರಡೂ ಕಡೆಯ ವರ್ತಕರಿಗೆ ಹೊಳೆದಿರುವಂತೆ ಕಾಣುತ್ತದೆ.

ಇನ್ನು ರಂಧ್ರದ ಹೆಸರು. ಬಲೆಯ ರಂಧ್ರಕ್ಕೆ ನಾವು ‘ಕಣ್ಣು’ ಎನ್ನುತ್ತೇವೆ. ಗವಾಕ್ಷ ಎಂದರೆ ಗೋವಿನ ಕಣ್ಣು. ಇಂಗ್ಲಿಷಿನ ‘ವಿಂಡೋ’ ಕೂಡ ಉತ್ತರ ಯುರೋಪಿನ ಹಳೆಯ ಭಾಷೆಯಲ್ಲಿ ‘ಗಾಳಿಯ ಕಣ್ಣು’. ಕಣ್ಣಿನ ಅಳತೆಯನ್ನು ಬೀಜಕದಲ್ಲಿ ಕಾಣಿಸುವುದು ಎಷ್ಟು ಮುಖ್ಯವೆಂಬುದನ್ನು ಮುಂದೆ ಹೇಳಲಿದ್ದೇನೆ.

ಕಾನೂನು ಯಾರ ನಿಘಂಟನ್ನು ನೋಡುತ್ತದೆ?

ಮಾರಾಟ ತೆರಿಗೆಯ ಕಾಲದಿಂದಲೂ ನ್ಯಾಯಾಲಯಗಳು ಒಪ್ಪಿಕೊಂಡು ಬಂದಿರುವ ಸೂತ್ರವೆಂದರೆ, ಕಾನೂನಿನಲ್ಲಿ ವ್ಯಾಖ್ಯೆಯಿಲ್ಲದ ಸರಕಿನ ಹೆಸರಿಗೆ ಪಂಡಿತರ ಅರ್ಥವನ್ನಲ್ಲ, ಆ ಸರಕನ್ನು ಮಾರುವವರು ಕೊಳ್ಳುವವರು ತಿಳಿದ ಅರ್ಥವನ್ನು ಕೊಡಬೇಕು ಎಂಬುದು. ಅಕೋಲಾದ ವರ್ತಕರೊಬ್ಬರು ವೀಳ್ಯದೆಲೆಯೂ ಸಸ್ಯವೇ ಆದ್ದರಿಂದ ತರಕಾರಿಗೆ ಇದ್ದ ವಿನಾಯಿತಿ ಅದಕ್ಕೂ ಸಲ್ಲಬೇಕೆಂದು ವಾದಿಸಿದ್ದರು. 1961ರಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ಒಪ್ಪಲಿಲ್ಲ. ಸಂತೆಯಲ್ಲಿ ತರಕಾರಿ ಕೇಳಿದವನಿಗೆ ಯಾರೂ ವೀಳ್ಯದೆಲೆ ಕೊಡುವುದಿಲ್ಲವೆಂಬುದು ಅದರ ತಾತ್ಪರ್ಯ.

ನಮ್ಮ ವಿಷಯಕ್ಕೆ ಇನ್ನೂ ಹತ್ತಿರವಾದದ್ದು 1978ರ ಪೊರಿಟ್ಸ್ ಅಂಡ್ ಸ್ಪೆನ್ಸರ್ ಪ್ರಕರಣ. ಕಾಗದದ ಗಿರಣಿಗಳಲ್ಲಿ ತೇವ ಹೀರಲು ಬಳಸುವ ‘ಡ್ರೈಯರ್ ಫೆಲ್ಟ್’ ಜವಳಿಯೇ ಅಲ್ಲವೇ ಎಂಬುದು ಅಲ್ಲಿನ ಪ್ರಶ್ನೆ. ಯಂತ್ರದ ಭಾಗವಾಗಿ ಬಳಕೆಯಾಗುವ ವಸ್ತುವನ್ನು ಜವಳಿ ಎನ್ನಲಾಗದು ಎಂಬುದು ಹರಿಯಾಣ ಸರ್ಕಾರದ ವಾದ. ನ್ಯಾಯಾಲಯವು ‘ಟೆಕ್ಸ್‌ಟೈಲ್’ ಎಂಬ ಪದ ನೇಯುವುದು ಎಂಬರ್ಥದ ಲ್ಯಾಟಿನ್ ಧಾತುವಿನಿಂದ ಬಂದುದೆಂಬುದನ್ನು ಗಮನಿಸಿ, ನೇಯ್ದದ್ದೆಲ್ಲವೂ ಜವಳಿ, ಅದರ ಉಪಯೋಗ ಯಾವುದೇ ಇರಲಿ, ಎಂದು ತೀರ್ಪಿತ್ತಿತು. ಪದದ ವ್ಯುತ್ಪತ್ತಿ ವರ್ತಕನ ಹಣವನ್ನು ಉಳಿಸಿದ ನಿದರ್ಶನ ಇದು.

ಆದರೆ ಈ ಸೂತ್ರ ‘ಜಾಲಿ’ಯ ಬಳಿ ಬಂದಾಗ ಕೈಕೊಡುತ್ತದೆ. ವೀಳ್ಯದೆಲೆಯ ವಿಷಯದಲ್ಲಿ ಸಂತೆಯೊಂದೇ. ಜಾಲಿಯ ವಿಷಯದಲ್ಲಿ ಸಂತೆಗಳೇ ಆರೇಳು. ಪ್ರತಿ ಸಂತೆಯಲ್ಲೂ ಆ ಪದಕ್ಕೆ ಸ್ಪಷ್ಟವಾದ, ಒಂದಕ್ಕೊಂದು ಹೊಂದದ ಅರ್ಥ. ಹಾಗಾಗಿ ಈಗಿನ ಪದ್ಧತಿಯಲ್ಲಿ ಎಚ್‌ಎಸ್‌ಎನ್ ಸಂಕೇತವೇ ಆಧಾರ. ವಿಶ್ವ ಕಸ್ಟಮ್ಸ್ ಸಂಘಟನೆಯ ಈ ಪಟ್ಟಿ 1988ರ ಜನವರಿ 1ರಿಂದ ಜಾರಿಯಲ್ಲಿದೆ. 2017ರ ಜುಲೈ 1ರಿಂದ ಸರಕು ಮತ್ತು ಸೇವಾ ತೆರಿಗೆಯೂ ಇದನ್ನೇ ಅನುಸರಿಸುತ್ತಿದೆ.

ಆ ಪಟ್ಟಿಯಲ್ಲಿ ‘ಜಾಲಿ’ಯನ್ನು ಹುಡುಕಿದರೆ ಅದು ಎಲ್ಲೆಲ್ಲಿ ಚದುರಿದೆ ನೋಡಿ. ಕೆತ್ತಿದ ಕಟ್ಟಡದ ಕಲ್ಲು 6802. ಸಿಮೆಂಟಿನದು 6810. ಸುಟ್ಟ ಮಣ್ಣಿನದು 69ನೆಯ ಅಧ್ಯಾಯ. ಕಟ್ಟಡಕ್ಕೆ ಹೂಡುವ ಮರಗೆಲಸ 4418. ಕಬ್ಬಿಣ ಅಥವಾ ಉಕ್ಕಿನ ತಂತಿಯ ಜಾಲಿ, ಬೇಲಿ, ಎಕ್ಸ್‌ಪ್ಯಾಂಡೆಡ್ ಮೆಟಲ್ 7314. ಅಲ್ಯೂಮಿನಿಯಂ ತಂತಿಯದು 7616. ಗಾಜಿನ ಎಳೆಯದು 7019. ಪ್ಲಾಸ್ಟಿಕ್ಕಿನದು 39ನೆಯ ಅಧ್ಯಾಯ. ಗಂಟು ಹಾಕಿ ಹೆಣೆದ ಹುರಿಯ ಬಲೆ ಮತ್ತು ಮೀನಿನ ಬಲೆ 5608. ಜಾಲಿ ಬಟ್ಟೆ, ಅಂದರೆ ಟ್ಯೂಲ್ ಮತ್ತು ಲೇಸ್, 5804. ಆದರೆ ಮಗ್ಗದಲ್ಲಿ ನೇಯ್ದ ಜಾಳು ಬಟ್ಟೆ ಅಲ್ಲಿಗೆ ಸೇರದು. ತಾನಿನ ಮೇಲಿನ ಕಸೂತಿ 5810. ಹಾಸಿಗೆಯ ಸೊಳ್ಳೆ ಪರದೆಯಂತೂ ಇವೆಲ್ಲವನ್ನೂ ಬಿಟ್ಟು 6304ರಲ್ಲಿ ಹೋಗಿ ಕುಳಿತಿದೆ. ಸೂಕ್ಷ್ಮವಾಗಿ ನೋಡಿದರೆ ಮೊದಲು ವಸ್ತು, ಆಮೇಲೆ ರಂಧ್ರವಾದ ಬಗೆ, ಕಡೆಗೆ ಉಪಯೋಗ, ಈ ಕ್ರಮದಲ್ಲಿಯೇ ಪಟ್ಟಿ ನಡೆದಿರುವುದು ಕಾಣುತ್ತದೆ. 2025ರ ಸೆಪ್ಟೆಂಬರ್ 22ರಿಂದ ಬಹುತೇಕ ಸರಕುಗಳಿಗೆ ಶೇ. 12 ಮತ್ತು ಶೇ. 28ರ ಹಂತಗಳು ಹೋಗಿ ಶೇ. 5 ಮತ್ತು ಶೇ. 18 ಉಳಿದ ಮೇಲೆ ಗೊಂದಲ ಕಡಿಮೆಯಾಯಿತೆಂದು ಕೆಲವರು ಭಾವಿಸಿದ್ದಾರೆ. ಹಂತಗಳು ಕಡಿಮೆಯಾದವು ನಿಜ, ಅಂತರ ಕಡಿಮೆಯಾಗಲಿಲ್ಲ. ಮೀನಿನ ಬಲೆಗೆ ಶೇ. 5, ಕಬ್ಬಿಣದ ತಂತಿಯ ಜಾಲಿಗೆ ಶೇ. 18.

ಬೀಜಕ ಬರೆಯುವ ಗುಮಾಸ್ತರು ‘ಜಾಲಿ’ಯನ್ನು ‘ಜಲ್ಲಿ’ ಎಂದು ಬರೆದುಬಿಟ್ಟರೆ ಸರಕು ಏಕಾಏಕಿ 25ನೆಯ ಅಧ್ಯಾಯದ ಒಡೆದ ಕಲ್ಲಾಗುವ ಅಪಾಯವೂ ನಮ್ಮ ಭಾಷೆಯಲ್ಲಿ ಇದೆ.

ದಾರಿಯಲ್ಲಿ ನಿಂತ ವಾಹನ

ನನ್ನ ಕಕ್ಷಿದಾರರೊಬ್ಬರು ಹಾರ್ಡ್‌ವೇರ್ ಸಗಟು ವರ್ತಕರು. ಬೇರೆ ಊರಿನ ಅಂಗಡಿಗೆ ಕಳುಹಿಸಿದ ಸರಕಿನಲ್ಲಿ ಉಕ್ಕಿನ ತಂತಿಯ ಸುರುಳಿಗಳೂ ಪ್ಲಾಸ್ಟಿಕ್ ಜಾಲಿಯ ಸುರುಳಿಗಳೂ ಇದ್ದವು. ಬೀಜಕದಲ್ಲಿಯೂ ಇ-ವೇ ಬಿಲ್ಲಿನಲ್ಲಿಯೂ ಎಲ್ಲಕ್ಕೂ ಒಂದೇ ಹೆಸರು, ‘ಜಾಲಿ’. ಒಂದೇ ಸಂಕೇತ, 7314. ತೆರಿಗೆಯನ್ನು ಎರಡಕ್ಕೂ ಶೇ. 18ರಂತೆಯೇ ಹಾಕಲಾಗಿತ್ತು, ಅದು ಸರಿಯಾದ ದರವೂ ಆಗಿತ್ತು. ಸರ್ಕಾರಕ್ಕೆ ಒಂದು ರೂಪಾಯಿಯೂ ಕಡಿಮೆ ಬಂದಿರಲಿಲ್ಲ. ಆದರೂ ತನಿಖಾ ದಳದವರು ವಾಹನವನ್ನು ತಡೆದು, ಕಾಗದದಲ್ಲಿರುವ ಸರಕು ಬೇರೆ, ವಾಹನದಲ್ಲಿರುವ ಸರಕು ಬೇರೆ ಎಂದು 129ನೆಯ ಪ್ರಕರಣದ ಅಡಿಯಲ್ಲಿ ನೋಟಿಸು ಕೊಟ್ಟರು.

ಈ ಪ್ರಕರಣದಲ್ಲಿ ಮಾಲೀಕನೇ ಮುಂದೆ ಬಂದು ಸರಕು ಬಿಡಿಸಿಕೊಳ್ಳಬೇಕಾದರೆ ತೆರಿಗೆಯ ಇಮ್ಮಡಿಯಷ್ಟು ದಂಡ ತೆರಬೇಕು. 2 ಲಕ್ಷ ರೂಪಾಯಿಯ ಸರಕೆಂದರೆ ತೆರಿಗೆ 36,000, ದಂಡ 72,000. ಸಣ್ಣ ವರ್ತಕನೊಬ್ಬ ಆ ಸರಕಿನಲ್ಲಿ ಇಷ್ಟು ಲಾಭವನ್ನು ಕನಸಿನಲ್ಲಿಯೂ ಕಾಣಲಾರ.

ಸಣ್ಣಪುಟ್ಟ ತಪ್ಪುಗಳಿಗೆ ಇಷ್ಟು ಕಠಿಣವಾಗಬಾರದೆಂದು ಕೇಂದ್ರ ಮಂಡಳಿಯು 2018ರ ಸೆಪ್ಟೆಂಬರ್ 14ರ ತನ್ನ 64ನೆಯ ಸುತ್ತೋಲೆಯಲ್ಲಿ ತಿಳಿಸಿದೆ. ಎಚ್‌ಎಸ್‌ಎನ್ ಸಂಕೇತದಲ್ಲಿ ದೋಷವಿದ್ದರೂ ಮೊದಲ ಎರಡು ಅಂಕಿಗಳು ಸರಿಯಿದ್ದು, ತೆರಿಗೆಯ ದರವೂ ಸರಿಯಿದ್ದರೆ, ಕೇಂದ್ರ ಮತ್ತು ರಾಜ್ಯ ಕಾಯಿದೆಗಳ ಅಡಿ ತಲಾ 500 ರೂಪಾಯಿ ದಂಡ ವಿಧಿಸಿ ವಾಹನವನ್ನು ಬಿಡಬೇಕು. ನಮ್ಮ ಸದಸ್ಯರಲ್ಲಿ ಬಹಳ ಮಂದಿ ಈ ಸುತ್ತೋಲೆಯನ್ನು ನಂಬಿ ನಿಶ್ಚಿಂತರಾಗಿದ್ದಾರೆ. ಅವರು ಗಮನಿಸದಿರುವ ಅಂಶವೆಂದರೆ, ಜಾಲಿಯ ವಿಷಯದಲ್ಲಿ ತಪ್ಪುವುದು ಕಡೆಯ ಅಂಕಿಗಳಲ್ಲ, ಮೊದಲ ಎರಡು ಅಂಕಿಗಳೇ. ಉಕ್ಕು 73, ಪ್ಲಾಸ್ಟಿಕ್ಕು 39, ಸಿಮೆಂಟು 68, ಮರ 44. ಆದ್ದರಿಂದ ಸುತ್ತೋಲೆಯ ಆಸರೆ ಅಕ್ಷರಶಃ ಸಿಗುವುದಿಲ್ಲ. ನನ್ನ ಕಕ್ಷಿದಾರರು ದಂಡ ಕಟ್ಟಿ ವಾಹನ ಬಿಡಿಸಿಕೊಂಡರು. ತೆರಿಗೆ ತಪ್ಪಿಸುವ ಉದ್ದೇಶವಿರಲಿಲ್ಲವೆಂದು ಮೇಲ್ಮನವಿಯಲ್ಲಿ ಅದು ರದ್ದಾಯಿತು. ಆದರೆ ಸರಕಿಗಾಗಿ ಕಾಯುತ್ತಿದ್ದ ಗಿರಾಕಿ ಅಷ್ಟರಲ್ಲಿ ಬೇರೆ ಅಂಗಡಿ ಹಿಡಿದಾಗಿತ್ತು. ದರ ಒಂದೇ ಇರುವಾಗ ಇಂತಹ ದಂಡ ನ್ಯಾಯವಲ್ಲವೆಂಬುದು ನನ್ನ ಅಭಿಪ್ರಾಯ. ಮೊದಲೆರಡು ಅಂಕಿಗಳ ಷರತ್ತನ್ನು ಸಡಿಲಿಸುವಂತೆ ವಾಣಿಜ್ಯ ಸಂಸ್ಥೆಗಳು ಮನವಿ ಸಲ್ಲಿಸಲು ಇದು ತಕ್ಕ ವಿಷಯ.

ಒಂದು ಮಿಲಿಮೀಟರಿನ ಗಡಿ

ಹೂವು ತರಕಾರಿ ಬೆಳೆಗಾರರು ಬಳಸುವ ನೆರಳು ಬಲೆ, ಅಂದರೆ ಶೇಡ್ ನೆಟ್, ಮಾರುವವರಿಗೆ ಇನ್ನೊಂದು ಎಚ್ಚರಿಕೆಯ ಮಾತು. ಇದು ಪ್ಲಾಸ್ಟಿಕ್ ಎಳೆಯಿಂದ ಹೆಣೆದದ್ದು. ಇದು ಪ್ಲಾಸ್ಟಿಕ್ಕೋ ಜವಳಿಯೋ? ಪಟ್ಟಿಯ ಜವಳಿ ವಿಭಾಗದ ಮೊದಲ ಟಿಪ್ಪಣಿಯಲ್ಲಿಯೇ ಗಡಿ ಹಾಕಲಾಗಿದೆ. ಅಡ್ಡಳತೆ 1 ಮಿಲಿಮೀಟರ್ ಮೀರಿದ ಒಂಟಿ ಎಳೆ, ಅಥವಾ ಅಗಲ 5 ಮಿಲಿಮೀಟರ್ ಮೀರಿದ ಪಟ್ಟಿ, ಇವುಗಳಿಂದ ಮಾಡಿದ್ದು ಪ್ಲಾಸ್ಟಿಕ್ಕು. ಅದಕ್ಕಿಂತ ಸಣ್ಣದು ಜವಳಿಯ ಕಡೆಗೆ ವಾಲುತ್ತದೆ. ಎಚ್‌ಡಿಪಿಇ ನೇಯ್ದ ಚೀಲಗಳ ಬಗ್ಗೆ ಇಂತಹುದೇ ವಿವಾದವೆದ್ದು, 1990ರಲ್ಲಿ ರಾಜ್ ಪ್ಯಾಕ್‌ವೆಲ್ ಪ್ರಕರಣದಲ್ಲಿ ಮಧ್ಯಪ್ರದೇಶ ಉಚ್ಚ ನ್ಯಾಯಾಲಯವು ಅವು ಪ್ಲಾಸ್ಟಿಕ್ ವಸ್ತುಗಳೆಂದು ತೀರ್ಮಾನಿಸಿತು. 1978ರಲ್ಲಿ ಸರ್ವೋಚ್ಚ ನ್ಯಾಯಾಲಯ ನೇಯ್ಗೆಯನ್ನು ನೋಡಿತು, ಇಲ್ಲಿ ವಸ್ತುವನ್ನು ನೋಡಲಾಯಿತು. ಎರಡರ ನಡುವೆ ಸಿಕ್ಕಿಬೀಳುವವನು ತಯಾರಕ. ಆದುದರಿಂದ ಶೇಡ್ ನೆಟ್ ತರಿಸುವಾಗ ಎಳೆಯ ದಪ್ಪ, ಪಟ್ಟಿಯ ಅಗಲ ಇವುಗಳ ಪ್ರಮಾಣಪತ್ರವನ್ನು ಗಿರಣಿಯಿಂದ ಕೇಳಿ ಕಡತದಲ್ಲಿ ಇರಿಸಿಕೊಳ್ಳಬೇಕು. ಅಳತೆಪಟ್ಟಿಯಿಂದ ತಾವೇ ಅಳೆಯುವೆನೆನ್ನುವುದು ಬೇಡ.

ಕೊಳ್ಳುವವರೂ ಯೋಚಿಸಬೇಕಾದ ಸಂಗತಿಯಿದೆ. ಕಾರ್ಖಾನೆಯ ಮಾಲೀಕರು ತಮ್ಮ ಕಟ್ಟಡದ ಗೋಡೆಗೆ ಹೂಡಲು ಜಾಲಿ ಕೊಂಡು ಅದನ್ನು ಕಟ್ಟಡದ ಬಂಡವಾಳ ವೆಚ್ಚಕ್ಕೆ ಸೇರಿಸಿದರೆ, ಕಾಯಿದೆಯ 17(5)ನೆಯ ಪ್ರಕರಣದಂತೆ ಅದರ ಹೂಡುವಳಿ ತೆರಿಗೆ ಸಿಗದು. ಅದೇ ಜಾಲಿಯನ್ನು ತಿರುಗುವ ಯಂತ್ರದ ಸುತ್ತ ರಕ್ಷಣೆಗೆ ಜೋಡಿಸಿ ಯಂತ್ರದ ಭಾಗವಾಗಿಸಿದರೆ ಸಿಗುತ್ತದೆ. ಸರಕು ಒಂದೇ, ಸುರುಳಿ ಒಂದೇ. ಗೋಡೆಗೆ ಎಷ್ಟು ಮೀಟರ್, ಯಂತ್ರಕ್ಕೆ ಎಷ್ಟು ಮೀಟರ್ ಎಂಬ ದಾಖಲೆ ದಾಸ್ತಾನು ಪುಸ್ತಕದಲ್ಲಿ ಇರಬೇಕಷ್ಟೆ. ಮಾರುವವರೇ ಜಾಲಿಯನ್ನು ತಂದು ಗೋಡೆಗೆ ಕೂರಿಸಿಕೊಡುವ ಒಪ್ಪಂದವಾದರೆ ಅದು ಸರಕಿನ ಮಾರಾಟವೇ ಅಲ್ಲ, ಕಾಮಗಾರಿ ಗುತ್ತಿಗೆ. ಕಾಯಿದೆ ಅದನ್ನು ಸೇವೆಯೆಂದು ಪರಿಗಣಿಸುತ್ತದೆ.

ಬೀಜಕದ ವಿವರಣೆಯ ಅಂಕಣದಲ್ಲಿ ನಾಲ್ಕು ಪದ ಹೆಚ್ಚು ಬರೆದರೆ ಈ ತೊಡಕುಗಳಲ್ಲಿ ಬಹುಪಾಲು ನಿವಾರಣೆಯಾಗುತ್ತವೆ. ‘ಬೆಸುಗೆ ಹಾಕಿದ ಉಕ್ಕಿನ ತಂತಿ ಜಾಲಿ, ಸತು ಲೇಪಿತ, ಕಣ್ಣು 25 ಮಿ.ಮೀ.’ ಎಂದಾಗ ವಸ್ತುವೂ ಮಾಡಿದ ಬಗೆಯೂ ಅಳತೆಯೂ ಬಂದವು. ಅಂಗುಲ, ಅಡಿಗಳನ್ನು ಬಿಟ್ಟುಬಿಡಬೇಕು. 2009ರ ಕಾನೂನುಬದ್ಧ ಮಾಪನಶಾಸ್ತ್ರ ಅಧಿನಿಯಮ ಅವುಗಳನ್ನು ಒಪ್ಪುವುದಿಲ್ಲ. ವಾರ್ಷಿಕ ವಹಿವಾಟು 5 ಕೋಟಿ ರೂಪಾಯಿ ಮೀರಿದವರು 2021ರ ಏಪ್ರಿಲ್ 1ರಿಂದ ಆರು ಅಂಕಿಯ ಸಂಕೇತವನ್ನೂ, ಉಳಿದವರು ನೋಂದಾಯಿತ ವರ್ತಕರಿಗೆ ಮಾರುವಾಗ ನಾಲ್ಕು ಅಂಕಿಯ ಸಂಕೇತವನ್ನೂ ಬರೆಯಬೇಕಾಗಿದೆ. ಮಾಸಿಕ ವಿವರಣಪತ್ರದ 12ನೆಯ ಕೋಷ್ಟಕದಲ್ಲಿ 2025ರಿಂದ ಸಂಕೇತವನ್ನು ಕೈಯಿಂದ ತುಂಬುವಂತಿಲ್ಲ, ಕೊಟ್ಟಿರುವ ಪಟ್ಟಿಯಿಂದಲೇ ಆರಿಸಬೇಕು. ಅಂಗಡಿಯ ಗಣಕಯಂತ್ರದಲ್ಲಿ ಸರಕಿನ ಪಟ್ಟಿಯನ್ನು ತೆರೆದು, ‘ಜಾಲಿ’ ಎಂಬ ಒಂದೇ ಹೆಸರಿನ ಕೆಳಗೆ ಏನೇನು ಸೇರಿಕೊಂಡಿದೆ ಎಂದು ಒಮ್ಮೆ ನೋಡಿ, ವಸ್ತುವಿಗೊಂದರಂತೆ ಬೇರ್ಪಡಿಸಲು ಅರ್ಧ ದಿನ ಸಾಕು.

ಇಷ್ಟಾದರೂ ಸಂದೇಹ ಉಳಿಯುವ ಸರಕುಗಳು ಇದ್ದೇ ಇರುತ್ತವೆ. ಪ್ಲಾಸ್ಟಿಕ್ ಲೇಪದ ತಂತಿ, ಮರದ ಪುಡಿ ಬೆರೆಸಿದ ಪ್ಲಾಸ್ಟಿಕ್ ಹಲಗೆ ಇಂತಹವುಗಳ ತಯಾರಕರು 97ನೆಯ ಪ್ರಕರಣದ ಅಡಿಯಲ್ಲಿ ಮುಂಗಡ ತೀರ್ಪಿನ ಪ್ರಾಧಿಕಾರಕ್ಕೆ ಅರ್ಜಿ ಸಲ್ಲಿಸಬಹುದು. ಶುಲ್ಕ ಕೇಂದ್ರ ಮತ್ತು ರಾಜ್ಯ ಕಾಯಿದೆಗಳಿಗೆ ತಲಾ 5,000 ರೂಪಾಯಿ. ಆ ತೀರ್ಪು ಅರ್ಜಿದಾರರಿಗೂ ಅವರ ಮೇಲಿನ ಅಧಿಕಾರಿಗಳಿಗೂ ಮಾತ್ರ ಬದ್ಧವಾದದ್ದು. ಪಕ್ಕದ ಘಟಕದವರು ತಂದ ತೀರ್ಪಿನ ಪ್ರತಿಯನ್ನು ಚೌಕಟ್ಟು ಹಾಕಿ ತಮ್ಮ ಗೋಡೆಗೆ ತೂಗುಹಾಕಿಕೊಂಡರೆ ಪ್ರಯೋಜನವಿಲ್ಲ. ಅರ್ಜಿಯೊಡನೆ ಸರಕಿನ ಮಾದರಿಯ ತುಂಡೊಂದನ್ನೂ ಅದನ್ನು ಮಾಡುವ ವಿಧಾನದ ಲಿಖಿತ ವಿವರವನ್ನೂ ಕೊಂಡೊಯ್ಯುವುದು ಒಳ್ಳೆಯದು.